ತೊಗಟೆಯಲ್ಲಿ ಬಚ್ಚಿಟ್ಟ ಕಹಿ

ಮೈಸೂರಿನಿಂದ ಗೂಡಲೂರು ಮೇಲೆ ಊಟಿಗೆ ಹೋಗುವವರಿಗೆ ನಡುವಟ್ಟಂ ಗೊತ್ತಿರುತ್ತೆ. ಗೊತ್ತಿರುತ್ತೆ ಅಂದರೆ, ಘಾಟಿ ಹತ್ತಿದ ಮೇಲೆ ಕಾರು ನಿಲ್ಲಿಸಿ, ಟೀ ಕುಡಿದು, ಕಣಿವೆ ಹಿಂದೆ ಬರೋ ಹಾಗೆ ನಾಲ್ಕು ಫೋಟೋ ತೆಗೆದುಕೊಂಡು ಮುಂದೆ ಹೋಗಿರ್ತೀವಿ, ಅಷ್ಟೇ. ಸುತ್ತ ಕಾಣೋದೆಲ್ಲ ಚಹಾ ತೋಟ. ಒಂದೂವರೆ ಶತಮಾನದ ಹಿಂದೆ ಈ ಇಳಿಜಾರಿನಲ್ಲಿ ಇದ್ದದ್ದು ಸಿಂಕೋನಾ ಮರಗಳು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಹಡಗು ಹತ್ತಿ ಬಂದ ಮರ ಇದು. ಇದರ ತೊಗಟೆಯಲ್ಲಿ ಕ್ವಿನೈನ್ ಇದೆ. ಮಲೇರಿಯಾಕ್ಕೆ ಆಗ ಜಗತ್ತಿನಲ್ಲಿ ನೆಚ್ಚಿಕೊಳ್ಳಬಹುದಾಗಿದ್ದ ಮದ್ದು ಅದೊಂದೇ. ಸಿಂಗಪುರ, ಪೆನಾಂಗ್ ಕಡೆಯ ಬ್ರಿಟಿಷ್ ವಸಾಹತುಗಳಿಂದ ಮದರಾಸು ಪ್ರಾಂತ್ಯದ ಜೈಲುಗಳಿಗೆ ಸಾಗಿಸಿದ್ದ ಚೀನೀ ಕೈದಿಗಳನ್ನು ಇಲ್ಲಿಗೆ ತಂದು ತೋಟದಲ್ಲಿ ದುಡಿಸಿದರು. ಅವರನ್ನು ಕೂಡಿಹಾಕೋಕೆ ನಡುವಟ್ಟಂನಲ್ಲೇ ಒಂದು ಜೈಲು ಕಟ್ಟಿದ್ದರು.

ಈ ಮರದ ಕಥೆಯನ್ನು ಸಾಮಾನ್ಯವಾಗಿ ಸಾಹಸಕಥೆಯ ತರ ಹೇಳ್ತಾರೆ: ಬೀಜ ಕದ್ದರು, ಕಾಡು ದಾಟಿದರು, ಸಾಮ್ರಾಜ್ಯ ಉಳಿಸಿದರು, ಹೀಗೆ. ನನಗೆ ಅದಕ್ಕಿಂತ ಸ್ವಾರಸ್ಯ ಅನ್ನಿಸೋದು ಒಂದು ಸಣ್ಣ ಪ್ರಶ್ನೆ. ಮರದ ಯಾವ ಜಾಗದಲ್ಲಿ ಮದ್ದು ಇದೆ, ಎಷ್ಟಿದೆ? ಸುಮಾರು ನೂರು ವರ್ಷ ಹಲವು ಸರ್ಕಾರಗಳು, ಕೆಮಿಸ್ಟ್‌ಗಳು, ತೋಟದ ಮಾಲೀಕರು ಈ ಪ್ರಶ್ನೆಯ ಹಿಂದೆ ಬಿದ್ದರು. ಯಾರಿಗೆ ಮದ್ದು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನೋದು ಬಹುಮಟ್ಟಿಗೆ ಆ ಹುಡುಕಾಟದಲ್ಲೇ ತೀರ್ಮಾನ ಆಯ್ತು.

ಮೊದಲು ಮರದ ಕಡೆ ನೋಡೋಣ. ಕ್ವಿನೈನ್ ಒಂದು ಆಲ್ಕಲಾಯ್ಡ್. ಹೆಸರು ಹೊಸದು ಅನ್ನಿಸಬಹುದು, ವಸ್ತು ಹೊಸದಲ್ಲ. ಬೆಳಗಿನ ಫಿಲ್ಟರ್ ಕಾಫಿಯ ಕೆಫೀನ್, ಸಾರಿಗೆ ಕುಟ್ಟಿ ಹಾಕುವ ಕಾಳುಮೆಣಸಿನ ಪಿಪೆರಿನ್, ಊಟ ಆದಮೇಲಿನ ಅಡಿಕೆಯ ಅರೆಕೋಲಿನ್, ಎಲ್ಲ ಆಲ್ಕಲಾಯ್ಡ್‌ಗಳೇ. ನೈಟ್ರೋಜನ್ ಇರುವ, ಕ್ಷಾರಗುಣದ, ಸಾಮಾನ್ಯವಾಗಿ ಕಹಿಯಾದ ವಸ್ತುಗಳು. ಗಿಡ ಇವನ್ನು ಮಾಡೋದು ಮುಖ್ಯವಾಗಿ ತನ್ನನ್ನು ತಿನ್ನೋಕೆ ಬರುವ ಹುಳಹುಪ್ಪಟೆಗಳನ್ನು, ಮೇಯುವ ಪ್ರಾಣಿಗಳನ್ನು ದೂರ ಇಡೋಕೆ. ಸಿಂಕೋನಾ ಮರಕ್ಕೆ ಮಲೇರಿಯಾದ ಗೊಡವೆಯೇ ಇರಲಿಲ್ಲ. ಅತಿ ಮಾರಕವಾದ ಫಾಲ್ಸಿಪಾರಂ ಮಲೇರಿಯಾ ಅಮೆರಿಕ ಖಂಡ ಮುಟ್ಟಿದ್ದೇ ಗುಲಾಮರ ಹಡಗುಗಳ ಜೊತೆಗೆ. ಮರ ಅದಕ್ಕೂ ಎಷ್ಟೋ ಲಕ್ಷ ವರ್ಷ ಮುಂಚಿನಿಂದ ತನ್ನ ಪಾಡಿಗೆ ಕಹಿ ತಯಾರಿಸುತ್ತಾ ನಿಂತಿತ್ತು.

ತಯಾರಿಯ ವಿಧಾನ ಚೆನ್ನಾಗಿದೆ. ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಮ್ಲ ಎಲ್ಲ ಜೀವಿಗಳಲ್ಲೂ ಇದೆ. ಗಿಡ ಅದನ್ನು ಸ್ವಲ್ಪ ಬದಲಾಯಿಸಿ, ಸೆಕೋಲೋಗಾನಿನ್ ಅನ್ನೋ ಇನ್ನೊಂದು ಕಹಿ ವಸ್ತುವಿನ ಜೊತೆ ಬೆಸೆಯುತ್ತೆ. ಹುಟ್ಟೋದು ಸ್ಟ್ರಿಕ್ಟೋಸಿಡಿನ್. ಇದನ್ನು ರುಬ್ಬಿಟ್ಟ ಹಿಟ್ಟು ಅಂದುಕೊಳ್ಳಿ. ಅದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡೋ ಹಾಗೆ, ಸ್ಟ್ರಿಕ್ಟೋಸಿಡಿನ್‌ನಿಂದ ಸಿಂಕೋನಾ ಕ್ವಿನೈನ್ ಮಾಡುತ್ತೆ, ಸರ್ಪಗಂಧ ರಕ್ತದೊತ್ತಡ ಇಳಿಸುವ ರೆಸರ್ಪಿನ್ ಮಾಡುತ್ತೆ, ಕಾಸರಕದ ಮರ ಸ್ಟ್ರಿಕ್ನಿನ್ ಅನ್ನೋ ವಿಷ ಮಾಡುತ್ತೆ, ಮನೆ ಮುಂದೆ ಕುಂಡದಲ್ಲಿರೋ ನಿತ್ಯಪುಷ್ಪ ಕ್ಯಾನ್ಸರಿಗೆ ಕೊಡುವ ವಿನ್‌ಬ್ಲಾಸ್ಟಿನ್ ಮಾಡುತ್ತೆ.

ತೊಂದರೆ ಏನಂದರೆ, ಮಾಡಿದ ವಿಷ ಮಾಡಿದವರಿಗೂ ವಿಷವೇ. ಅದಕ್ಕೇ ಗಿಡ ಅದನ್ನು ಬೇಕಾಬಿಟ್ಟಿ ಬಿಡೋದಿಲ್ಲ. ಪ್ರತಿ ಜೀವಕೋಶದ ಒಳಗೆ ನೀರು ತುಂಬಿದ ಒಂದು ಚೀಲ ಇರುತ್ತೆ. ಹೈಸ್ಕೂಲಿನಲ್ಲಿ ರಸದಾನಿ ಅಂತ ಚಿತ್ರ ಬರೆದು ಗುರುತು ಮಾಡಿದ್ದೆವಲ್ಲ, ಅದೇ. ಅದರೊಳಗಿನ ರಸ ಹುಳಿ, ಅಂದರೆ ಆಮ್ಲೀಯ. ಆಲ್ಕಲಾಯ್ಡ್ ಚೀಲದ ಗೋಡೆ ದಾಟಿ ಒಳಗೆ ಹೋದರೆ ಆ ಹುಳಿಯಲ್ಲಿ ಅದಕ್ಕೆ ವಿದ್ಯುದಂಶ ಅಂಟಿಕೊಳ್ಳುತ್ತೆ. ವಿದ್ಯುದಂಶ ಹೊತ್ತ ಕಣಕ್ಕೆ ಗೋಡೆ ದಾಟಿ ಹೊರಗೆ ಬರೋಕೆ ಆಗೋದಿಲ್ಲ. ಬೀಗ ಇಲ್ಲ, ಕಾವಲು ಇಲ್ಲ, ಬರೀ ಹುಳಿಯಿಂದಲೇ ಬಂದೋಬಸ್ತು. ಎಷ್ಟೋ ಗಿಡಗಳಲ್ಲಿ ಇದರ ಜೊತೆಗೆ ಒಳಕ್ಕೆ ಪಂಪ್ ಮಾಡುವ ಪ್ರೋಟೀನುಗಳೂ ಇವೆ. ಸಿಂಕೋನಾ ತೊಗಟೆಯಲ್ಲಂತೂ ಆಲ್ಕಲಾಯ್ಡ್‌ಗಳು ಒಂಟಿಯಾಗಿ ಇರೋದಿಲ್ಲ. ಕ್ವಿನಿಕ್ ಆಮ್ಲ, ಟ್ಯಾನಿನ್‌ಗಳ ಜೊತೆ ಕೂಡಿಕೊಂಡಿರುತ್ತವೆ.

ಇದೆಲ್ಲ ಈಗ ಗೊತ್ತಿರುವ ಸಂಗತಿ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಲೆತಿಯೇ ಮತ್ತು ಕವಾಂತು ಅನ್ನೋ ಇಬ್ಬರು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದಾಗ ಇಷ್ಟು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೂ ಮೊದಲು 200 ವರ್ಷ ಜನ ತೊಗಟೆಯನ್ನೇ ಪುಡಿ ಮಾಡಿ ವೈನ್‌ನಲ್ಲಿ ಕಲಸಿ ಕುಡಿಯುತ್ತಿದ್ದರು. ಒಂದು ಮೂಟೆಯಲ್ಲಿ ಜ್ವರ ಬಿಡುತ್ತಿತ್ತು, ಇನ್ನೊಂದರಲ್ಲಿ ಬಿಡುತ್ತಿರಲಿಲ್ಲ. ಕಾರಣ ಈಗ ಸಿಕ್ಕಿತು: ತೊಗಟೆಯಿಂದ ತೊಗಟೆಗೆ ಒಳಗಿನ ಸರಕೇ ಬೇರೆ. ಆವತ್ತಿನಿಂದ ತೊಗಟೆಯ ಬೆಲೆ ಅಂದರೆ ಅದರಲ್ಲಿರುವ ಕ್ವಿನೈನಿನ ಶೇಕಡಾವಾರು. ಲ್ಯಾಬ್ ರಿಪೋರ್ಟ್ ಇಲ್ಲದೆ ವ್ಯಾಪಾರ ಇಲ್ಲ.

ಬ್ರಿಟಿಷರಿಗೆ ಇದು ಪ್ರಾಣದ ಪ್ರಶ್ನೆ ಆಗಿತ್ತು. ಭಾರತದಲ್ಲಿ ಅವರ ಸೈನಿಕರು ಯುದ್ಧಕ್ಕಿಂತ ಜ್ವರಕ್ಕೆ ಹೆಚ್ಚು ಸಾಯುತ್ತಿದ್ದರು. ಇನ್ನು ನಮ್ಮ ಜನರ ಪಾಡು ಕೇಳಬೇಡಿ. ಮಲೆನಾಡಿನ ಕಡೆ ಚಳಿಜ್ವರ, ಜ್ವರಗಡ್ಡೆ ಅಂದರೆ ಹಳಬರು ಈಗಲೂ ಮುಖ ಸಿಂಡರಿಸ್ತಾರೆ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ನೇತೃತ್ವದಲ್ಲಿ ಬೀಜ, ಸಸಿ ತರೋಕೆ ತಂಡಗಳು ಆಂಡೀಸ್‌ಗೆ ಹೋದವು. ಮಾರ್ಕಮ್ ಸ್ವತಃ ತಂದ ಸಸಿಗಳು ಹೆಚ್ಚುಕಡಿಮೆ ಎಲ್ಲ ಸತ್ತವು. ಉಳಿದಿದ್ದು ರಿಚರ್ಡ್ ಸ್ಪ್ರೂಸ್ ಅನ್ನೋ ಸಸ್ಯಶಾಸ್ತ್ರಜ್ಞ ಈಕ್ವೆಡಾರ್‌ನಲ್ಲಿ ಒಟ್ಟುಮಾಡಿದ ಕೆಂಪು ತೊಗಟೆಯ ಜಾತಿ. ರಾಬರ್ಟ್ ಕ್ರಾಸ್ ಅನ್ನೋ ತೋಟಗಾರ ಗಾಜಿನ ಪೆಟ್ಟಿಗೆಗಳಲ್ಲಿ ಆ ಸಸಿಗಳನ್ನು ಕಾಪಾಡಿಕೊಂಡು 1861ರಲ್ಲಿ ಊಟಿ ಮುಟ್ಟಿಸಿದ. ನೀಲಗಿರಿಯಲ್ಲಿ ಅವು ಹುಚ್ಚು ಹಿಡಿದ ಹಾಗೆ ಬೆಳೆದವು.

ಊಟಿಯ ಸರ್ಕಾರಿ ತೋಟದ ಮುಖ್ಯಸ್ಥ ವಿಲಿಯಂ ಗ್ರಹಾಂ ಮೆಕೈವರ್. ಅವನಿಗೆ ಒಂದು ಚಿಂತೆ. ತೊಗಟೆ ಸುಲಿದರೆ ಮರ ಸಾಯುತ್ತೆ. ಆಂಡೀಸ್‌ನಲ್ಲಿ ಮರ ಕಡಿದು ಉರುಳಿಸಿಯೇ ತೊಗಟೆ ತೆಗೆಯುತ್ತಿದ್ದರು. ಅವನು ಬೇರೆ ದಾರಿ ಹಿಡಿದ. ನಿಂತ ಮರದ ಕಾಂಡದಿಂದ ಉದ್ದುದ್ದ ಪಟ್ಟಿಯ ಹಾಗೆ ತೊಗಟೆ ಸುಲಿ, ಮಧ್ಯೆ ಮಧ್ಯೆ ಪಟ್ಟಿ ಹಾಗೇ ಬಿಡು, ಸುಲಿದ ಗಾಯಕ್ಕೆ ಒದ್ದೆ ಪಾಚಿ ಹೊದಿಸಿ ಕಟ್ಟು. ಮರ ಸಾಯಲಿಲ್ಲ. ಗಾಯದ ಮೇಲೆ ಹೊಸ ತೊಗಟೆ ಬಂತು. ಆ ತೊಗಟೆಯ ಮಾದರಿಯನ್ನು ಲಂಡನ್ನಿನ ಕ್ವಿನೈನ್ ತಯಾರಕ ಜಾನ್ ಎಲಿಯಟ್ ಹೋವರ್ಡ್‌ಗೆ ಕಳಿಸಿದರು. ಪರೀಕ್ಷೆಯಲ್ಲಿ ಎಲ್ಲರೂ ಬೆರಗಾಗುವ ಹಾಗೆ, ಹಳೇ ತೊಗಟೆಗಿಂತ ಹೊಸದರಲ್ಲೇ ಕ್ವಿನೈನ್ ಹೆಚ್ಚು ಸಿಕ್ಕಿತು. ಬರೀ ಪಾಚಿ ಹೊದಿಸಿದರೂ, ಸುಲಿಯದಿದ್ದರೂ, ಸ್ವಲ್ಪ ಹೆಚ್ಚುತ್ತಿತ್ತು.

ಯಾಕೆ ಹೀಗೆ? ಆಗ ಕೊಟ್ಟ ವಿವರಣೆ ಬೆಳಕಿನದು. ಬಿಸಿಲು ಬಿದ್ದ ಕಡೆ ಆಲ್ಕಲಾಯ್ಡ್ ಕೆಡುತ್ತೆ, ಪಾಚಿಯ ಕತ್ತಲಲ್ಲಿ ಉಳಿಯುತ್ತೆ. ಕ್ವಿನೈನ್ ಬೆಳಕಿಗೆ ಕೆಡೋದು ನಿಜ. ಅದಕ್ಕೆ ಬೆಳಕಿನ ಜೊತೆ ವಿಚಿತ್ರ ಸಂಬಂಧ ಇದೆ. ಪಬ್‌ನ ನೇರಳೆ ದೀಪದ ಕೆಳಗೆ ಜಿನ್ ಅಂಡ್ ಟಾನಿಕ್ ಗ್ಲಾಸು ನೀಲಿಯಾಗಿ ಹೊಳೆಯೋದನ್ನು ನೋಡಿರ್ತೀರಿ, ಆ ಹೊಳಪು ಕ್ವಿನೈನಿನದು. (ಟಾನಿಕ್ ವಾಟರ್ ಕುಡಿದರೆ ಮಲೇರಿಯಾ ಬರಲ್ಲ ಅಂತ ಸಮಾಧಾನ ಮಾಡ್ಕೊಳ್ಳೋ ಗೆಳೆಯರಿಗೆ ಒಂದು ಲೆಕ್ಕ: ಅಮೆರಿಕದ ನಿಯಮದ ಪ್ರಕಾರ ಲೀಟರಿಗೆ ಹೆಚ್ಚೆಂದರೆ 83 ಮಿಲಿಗ್ರಾಂ. ಚಿಕಿತ್ಸೆಗೆ ದೊಡ್ಡವರಿಗೆ ದಿನಕ್ಕೆ ಸುಮಾರು 1,800 ಮಿಲಿಗ್ರಾಂ ಬೇಕು. ಅಂದರೆ 20 ಲೀಟರಿಗೂ ಮೇಲೆ.) ಕೆಡೋದು ಕಡಿಮೆ ಆಯ್ತು ಅನ್ನೋದರ ಜೊತೆಗೆ ಇನ್ನೊಂದು ಸಾಧ್ಯತೆಯನ್ನೂ ಈಗಿನ ಓದುಗರು ಊಹಿಸಬಹುದು. ಗಾಯವಾದಾಗ ರಕ್ಷಣೆಯ ವಸ್ತುಗಳನ್ನು ಹೆಚ್ಚು ಮಾಡಿಕೊಳ್ಳೋದು ಎಷ್ಟೋ ಗಿಡಗಳ ಸ್ವಭಾವ.

ತೊಗಟೆಯ ಒಳಗೆ ನಿಖರವಾಗಿ ಎಲ್ಲಿ ಅನ್ನೋ ಜಗಳವೂ ಅದೇ ಕಾಲದ್ದು. ತೊಗಟೆಯ ಗಟ್ಟಿ ನಾರಿನಲ್ಲೋ, ನಾರುಗಳ ನಡುವಿನ ಮೆತ್ತನೆ ಜೀವಕೋಶಗಳಲ್ಲೋ? ಹೋವರ್ಡ್ ಮೈಕ್ರೋಸ್ಕೋಪ್ ಹಿಡಿದು ಕೂತ. ಮೆತ್ತನೆ ಕೋಶಗಳ ಪಕ್ಷವೇ ಗೆದ್ದಿತು. ರಸದಾನಿಯ ಲೆಕ್ಕ ಗೊತ್ತಿರುವ ನಮಗೆ ಅದರಲ್ಲಿ ಆಶ್ಚರ್ಯ ಇಲ್ಲ. ಹುಳಿರಸ ತುಂಬಿದ ಚೀಲ ಇರೋದು ಜೀವಂತ ಕೋಶದಲ್ಲಿ ತಾನೇ.

ಈಗ ಬೊಲಿವಿಯಾಕ್ಕೆ ಹೋಗಬೇಕು. ಅಲ್ಲಿ ಮಾನ್ವೆಲ್ ಇಂಕ್ರಾ ಮಮಾನಿ ಅಂತ ಒಬ್ಬ ಆದಿವಾಸಿ ಇದ್ದ. ಕಾಡಲ್ಲಿ ಸಿಂಕೋನಾ ಹುಡುಕೋದು ಅವನ ಕಸುಬು. ಹೊರಗಿನವರಿಗೆ ಎಲ್ಲ ಸಿಂಕೋನಾವೂ ಒಂದೇ ತರ ಕಾಣುತ್ತೆ. ಯಾವ ಮರದ ತೊಗಟೆಯಲ್ಲಿ ಸತ್ವ ಇದೆ ಅಂತ ಎಲೆಯ ಬಣ್ಣ ನೋಡಿ ಅವನು ಹೇಳುತ್ತಿದ್ದ. ಲ್ಯಾಬ್ ಮಾಡೋ ಕೆಲಸವನ್ನು ಕಣ್ಣಲ್ಲೇ ಮಾಡುವವನು. ಚಾರ್ಲ್ಸ್ ಲೆಜರ್ ಅನ್ನೋ ಇಂಗ್ಲಿಷ್ ವ್ಯಾಪಾರಿ ಅವನ ಹತ್ತಿರ ಅತ್ಯುತ್ತಮ ಮರಗಳ ಬೀಜ ಕೇಳಿದ. ವರ್ಷ ವರ್ಷವೂ ಹಿಮ ಬಿದ್ದು ಹೂವು ಸುಟ್ಟುಹೋಗುತ್ತಿತ್ತು. ಮಮಾನಿ ಕಾದ. ಕೊನೆಗೆ 1865ರಲ್ಲಿ ಬೀಜ ಹೊತ್ತು, ಬೆಟ್ಟ ದಾಟಿ ಲೆಜರ್‌ಗೆ ತಲುಪಿಸಿದ. ಲೆಜರ್ ಅದನ್ನು ಲಂಡನ್ನಿನ ತನ್ನ ತಮ್ಮನಿಗೆ ಕಳಿಸಿದ. ಬ್ರಿಟಿಷ್ ಸರ್ಕಾರ ಬೇಡ ಅಂದಿತು. ನೀಲಗಿರಿಯಲ್ಲಿ ಕೆಂಪು ತೊಗಟೆ ಚೆನ್ನಾಗಿ ಬರುತ್ತಿದೆಯಲ್ಲ, ಮತ್ತೆ ಯಾಕೆ? ಡಚ್ಚರು ಅದರಲ್ಲಿ ಒಂದು ಪೌಂಡ್ ಬೀಜವನ್ನು ಪುಡಿಗಾಸಿಗೆ ಕೊಂಡು ಜಾವಾದಲ್ಲಿ ಬಿತ್ತಿದರು. ಉಳಿದದ್ದನ್ನು ಭಾರತದ ಒಬ್ಬ ತೋಟದ ಮಾಲೀಕ ಕೊಂಡ. ಅದರಿಂದ ದೊಡ್ಡದಾಗಿ ಏನೂ ಹುಟ್ಟಲಿಲ್ಲ.

ಕೆಲವು ವರ್ಷ ಕಳೆದು ಜಾವಾದ ಮರಗಳ ತೊಗಟೆ ಪರೀಕ್ಷೆ ಮಾಡಿದಾಗ ಕೆಲವದರಲ್ಲಿ ಶೇಕಡಾ 13ರವರೆಗೂ ಕ್ವಿನೈನ್ ಸಿಕ್ಕಿತು. ಬೇರೆ ಜಾತಿಗಳಲ್ಲಿ ಶೇಕಡಾ 2 ಸಿಕ್ಕಿದರೆ ಸಂತೋಷಪಡುತ್ತಿದ್ದ ಕಾಲ ಅದು.

ಮಮಾನಿಗೆ ಈ ಸುದ್ದಿ ತಲುಪಲಿಲ್ಲ. 1871ರಲ್ಲಿ ಮತ್ತೆ ಬೀಜ ತರೋಕೆ ಹೋದಾಗ ಕೊರೋಯಿಕೋ ಅನ್ನೋ ಊರಲ್ಲಿ ಅಧಿಕಾರಿಗಳು ಅವನನ್ನು ಹಿಡಿದರು. ಬೀಜ ಯಾರಿಗೆ ಅಂತ ಕೇಳಿ ಹೊಡೆದರು, ಜೈಲಿಗೆ ಹಾಕಿದರು. ಆ ಪೆಟ್ಟಿಗೆ ಅವನು ಸತ್ತ. ಲೆಜರ್ ಆಸ್ಟ್ರೇಲಿಯಾದಲ್ಲಿ ಬಡತನದಲ್ಲಿ ಮುದುಕನಾದ. ಕೊನೆಗಾಲದಲ್ಲಿ ಡಚ್ ಸರ್ಕಾರ ಒಂದಿಷ್ಟು ಪಿಂಚಣಿ ಕೊಟ್ಟಿತು. ಮರಕ್ಕೆ ಲೆಜರಿಯಾನಾ ಅಂತ ಹೆಸರಿಟ್ಟರು. ಈಗಿನ ಸಸ್ಯಶಾಸ್ತ್ರಜ್ಞರು ಅದನ್ನು ಬೇರೆ ಪ್ರಭೇದ ಅಂತ ಒಪ್ಪದೆ ಕ್ಯಾಲಿಸಾಯಾ ಒಳಗೇ ಸೇರಿಸಿಬಿಟ್ಟಿದ್ದಾರೆ. ಮಮಾನಿಯ ಹೆಸರನ್ನಂತೂ ಯಾರೂ ಯಾವುದಕ್ಕೂ ಇಡಲಿಲ್ಲ.

ಇಲ್ಲಿಗೆ ಬ್ರಿಟಿಷರು ಸೋತರು, ಡಚ್ಚರು ಗೆದ್ದರು ಅಂತ ಬಹಳ ಪುಸ್ತಕಗಳು ಮುಗಿಸ್ತವೆ. ನನ್ನ ತಕರಾರು ಇರೋದು ಇಲ್ಲೇ. ಕೆಂಪು ತೊಗಟೆಯಲ್ಲಿ ಕ್ವಿನೈನ್ ಕಡಿಮೆ ಅನ್ನೋದು ನಿಜ. ಮದ್ದು ಕಡಿಮೆ ಅಂತ ಯಾರು ಹೇಳಿದ್ದು? ಮರ ಒಂದೇ ಆಲ್ಕಲಾಯ್ಡ್ ಮಾಡೋದಿಲ್ಲ. ಸಿಂಕೋನಾದಲ್ಲಿ ಮೂವತ್ತಕ್ಕೂ ಹೆಚ್ಚು ಇವೆ. ಮುಖ್ಯವಾದವು ನಾಲ್ಕು: ಕ್ವಿನೈನ್, ಕ್ವಿನಿಡಿನ್, ಸಿಂಕೋನಿನ್, ಸಿಂಕೋನಿಡಿನ್. ಹೆಸರು ಕೇಳಿದರೇ ಒಂದೇ ಮನೆಯ ಅಣ್ಣತಮ್ಮಂದಿರು ಅಂತ ಗೊತ್ತಾಗುತ್ತೆ. ಕ್ವಿನೈನ್ ಮತ್ತು ಕ್ವಿನಿಡಿನ್‌ನಲ್ಲಿ ಒಂದು ಪರಮಾಣುವೂ ಹೆಚ್ಚುಕಡಿಮೆ ಇಲ್ಲ, ಎರಡು ಜಾಗದಲ್ಲಿ ಜೋಡಣೆಯ ದಿಕ್ಕು ಬೇರೆ, ಅಷ್ಟೇ. ಕೆಂಪು ತೊಗಟೆಯಲ್ಲಿ ಒಟ್ಟು ಆಲ್ಕಲಾಯ್ಡ್ ಧಾರಾಳವಾಗಿತ್ತು. ಅದರಲ್ಲಿ ಸಿಂಕೋನಿಡಿನ್ ಪಾಲು ದೊಡ್ಡದು.

ಇದು ಬ್ರಿಟಿಷರಿಗೂ ಗೊತ್ತಿತ್ತು. 1866ರಲ್ಲಿ ಮದರಾಸಿನಲ್ಲಿ ಒಂದು ವೈದ್ಯಕೀಯ ಆಯೋಗ ಮಾಡಿ, ಈ ನಾಲ್ಕನ್ನೂ ಬೇರೆ ಬೇರೆ ಜ್ವರದ ರೋಗಿಗಳಿಗೆ ಕೊಟ್ಟು ನೋಡಿದರು. ಸಾವಿರ ರೋಗಿಗಳಲ್ಲಿ ಮದ್ದು ಕೈಕೊಟ್ಟಿದ್ದು ಎಷ್ಟು ಜನರಿಗೆ ಅಂದರೆ: ಕ್ವಿನಿಡಿನ್ 6, ಕ್ವಿನೈನ್ 7, ಸಿಂಕೋನಿಡಿನ್ 10, ಸಿಂಕೋನಿನ್ 23. ಎಲ್ಲಕ್ಕಿಂತ ಕೆಳಗಿದ್ದ ಸಿಂಕೋನಿನ್ ಕೂಡ ನೂರರಲ್ಲಿ 97 ಜನರಿಗೆ ಕೆಲಸ ಮಾಡಿತ್ತು. ಎಷ್ಟೋ ಸಾವಿರ ಮೈಲಿ ಆಚೆ ಬೊಲಿವಿಯಾದ ಬೀಜಕ್ಕಾಗಿ ಒದ್ದಾಡುತ್ತಿದ್ದ ಕಾಲಕ್ಕೇ, ಊಟಿಯ ಬೆಟ್ಟದ ಮೇಲೆ ಬೆಳೆದು ನಿಂತಿದ್ದ ಮರ ಸಾಕಾಗಿತ್ತು ಅಂತ ಈ ಅಂಕಿಗಳು ಹೇಳುತ್ತಿದ್ದವು. ಎಲ್ಲ ಆಲ್ಕಲಾಯ್ಡ್‌ಗಳನ್ನೂ ಬೇರ್ಪಡಿಸದೆ ಒಟ್ಟಿಗೆ ತೆಗೆದು ಅಗ್ಗದ ಜ್ವರದ ಪುಡಿ ಮಾಡುವ ಕೆಲಸ 1870ರ ದಶಕದಲ್ಲಿ ಡಾರ್ಜಿಲಿಂಗ್ ಕಡೆಯ ಸರ್ಕಾರಿ ತೋಟದಲ್ಲಿ ಶುರುವೂ ಆಯ್ತು. ಕ್ವಿನೈನ್ ಕೊಳ್ಳಲಾಗದ ಎಷ್ಟೋ ಜನರ ಜ್ವರ ಆ ಕಂದು ಪುಡಿ ಬಿಡಿಸಿತು.

ಆದರೆ ಪೇಟೆಗೆ ಬೇಕಾಗಿದ್ದು ಬಿಳೀ ಹರಳು. ವೈದ್ಯರ ಪುಸ್ತಕದಲ್ಲಿದ್ದದ್ದು ಕ್ವಿನೈನ್, ಹರಾಜಿನಲ್ಲಿ ಬೆಲೆ ಕಟ್ಟಿದ್ದು ಕ್ವಿನೈನಿಗೆ. ಪುಡಿ ಕುಡಿದರೆ ವಾಕರಿಕೆ ಬರುತ್ತೆ ಅನ್ನೋ ದೂರೂ ಇತ್ತು, ಅದು ಸುಳ್ಳಲ್ಲ. ಮರ ಎಷ್ಟು ಮದ್ದು ಕೊಡುತ್ತೆ ಅನ್ನೋ ಪ್ರಶ್ನೆ ಹಿಂದೆ ಸರಿದು, ಮರ ಎಷ್ಟು ಕ್ವಿನೈನ್ ಕೊಡುತ್ತೆ ಅನ್ನೋದೊಂದೇ ಉಳಿಯಿತು. ಆ ಆಟದಲ್ಲಿ ಜಾವಾವನ್ನು ಹಿಡಿಯೋರೇ ಇರಲಿಲ್ಲ. ಡಚ್ಚರು ಒಳ್ಳೊಳ್ಳೆ ಮರ ಆರಿಸಿ, ಕೆಳದರ್ಜೆಯ ಮರಗಳ ಪರಾಗ ಬೆರೆಯದ ಹಾಗೆ ದೂರ ಇಟ್ಟು ಬೆಳೆಸಿದರು. ಲೆಜರಿಯಾನಾದ ಬೇರು ಬಡಕಲು. ಅದಕ್ಕೆ ಕೆಂಪು ತೊಗಟೆಯ ಗಟ್ಟಿ ಬೇರಿನ ಮೇಲೆ ಅದನ್ನು ಕಸಿ ಕಟ್ಟಿದರು. ಬೇರು ಬೇರೆಯವರದಾದರೂ ಮೇಲಿನ ಮರ ತನ್ನ ಕಹಿ ಬಿಡಲಿಲ್ಲ. ಎಲ್ಲ ಗಿಡಗಳಲ್ಲೂ ಹೀಗಾಗೋದಿಲ್ಲ. ತಂಬಾಕಿನ ನಿಕೋಟಿನ್ ತಯಾರಾಗೋದು ಬೇರಿನಲ್ಲಿ, ಅಲ್ಲಿಂದ ಎಲೆಗೆ ಏರುತ್ತೆ. ಟೊಮ್ಯಾಟೊ ಬೇರಿನ ಮೇಲೆ ತಂಬಾಕು ಕಸಿ ಮಾಡಿದರೆ ಎಲೆಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇರೋದೇ ಇಲ್ಲ. ಸಿಂಕೋನಾ ಆ ತರದ್ದಾಗಿದ್ದರೆ ಜಾವಾದ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಮಾರಿದರು. ಅಂಚೆಯವನು ಕಾಗದದ ಜೊತೆ ಮದ್ದೂ ಕೊಡುವ ವ್ಯವಸ್ಥೆ. ನನಗೆ ಬಹಳ ಇಷ್ಟವಾದ ಸಂಗತಿ ಇದು. ಬೇಡಿಕೆಗೆ ಮಾತ್ರ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. 1913ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೋಟಗಾರರು ಮತ್ತು ತಯಾರಕರು ಸೇರಿ ಕೀನಾ ಬ್ಯೂರೋ ಅಂತ ಕೂಟ ಕಟ್ಟಿಕೊಂಡರು. ಬೆಲೆ ಅವರದ್ದೇ. 1930ರ ದಶಕದಲ್ಲಿ ಜಗತ್ತಿನ ಕ್ವಿನೈನಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಜಾವಾದ್ದು. ಅದೇ ದಶಕದಲ್ಲಿ ಲೀಗ್ ಆಫ್ ನೇಷನ್ಸ್‌ನ ಮಲೇರಿಯಾ ಆಯೋಗ, ಬಡ ದೇಶಗಳಿಗೆ ಕ್ವಿನೈನ್ ಕೈಗೆಟುಕುತ್ತಿಲ್ಲ, ಎಲ್ಲ ಆಲ್ಕಲಾಯ್ಡ್‌ಗಳ ಮಿಶ್ರಣವನ್ನೇ ಕೊಡೋಣ ಅಂತ ಟೋಟಾಕ್ವಿನಾ ಅನ್ನೋದನ್ನು ಮುಂದಿಟ್ಟಿತು. ಮದರಾಸಿನ ಆಯೋಗ ಅದನ್ನೇ ಹೇಳಿ 60 ವರ್ಷ ಆಗಿತ್ತು. 1942ರಲ್ಲಿ ಜಪಾನ್ ಜಾವಾವನ್ನು ಹಿಡಿಯಿತು, ಕ್ವಿನೈನ್ ನಿಂತೇಹೋಯಿತು. ಮಾರನೇ ವರ್ಷದ ಬಂಗಾಳದ ಬರದಲ್ಲಿ ಹಸಿವಿನ ಜೊತೆ ಮಲೇರಿಯಾವೂ ಲಕ್ಷಾಂತರ ಜನರನ್ನು ಕೊಂದಿತು.

ಪಕ್ಕಕ್ಕೆ ತಳ್ಳಿದ ತಮ್ಮಂದಿರಲ್ಲಿ ಒಬ್ಬನ ಕಥೆ ಹೇಳಿಬಿಡ್ತೀನಿ. 1912ರಲ್ಲಿ ಹೃದಯದ ತಜ್ಞ ಕಾರೆಲ್ ವೆಂಕೆಬಾಖ್ ಹತ್ತಿರ ಒಬ್ಬ ಡಚ್ ವ್ಯಾಪಾರಿ ಬಂದ. ಎದೆಬಡಿತ ತಾಳ ತಪ್ಪಿತ್ತು. ಇದಕ್ಕೆ ಮದ್ದಿಲ್ಲ ಅಂದರು ಡಾಕ್ಟರು. ನಾನೇ ಸರಿಮಾಡ್ಕೊಳ್ತೀನಿ, ನಾಳೆ ಬಂದು ತೋರಿಸ್ತೀನಿ ಅಂದ ವ್ಯಾಪಾರಿ. ಮಾರನೇ ದಿನ ಬಂದಾಗ ನಾಡಿ ನೆಟ್ಟಗಿತ್ತು. ಒಂದು ಗ್ರಾಂ ಕ್ವಿನೈನ್ ನುಂಗಿದ್ದನಂತೆ. ಮಲೇರಿಯಾ ಇರುವ ಸೀಮೆಗಳಲ್ಲಿ ವ್ಯಾಪಾರ ಮಾಡಿ ಅದರ ಅಭ್ಯಾಸ ಇದ್ದವನು. 1918ರಲ್ಲಿ ವಾಲ್ಟರ್ ಫ್ರೈ ಅನ್ನೋ ವೈದ್ಯ ಈ ಅಣ್ಣತಮ್ಮಂದಿರನ್ನು ಹೋಲಿಸಿ ನೋಡಿದಾಗ, ಹೃದಯಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಕ್ವಿನಿಡಿನ್. ಮುಂದೆ ಎಷ್ಟೋ ದಶಕ ಎದೆಬಡಿತದ ಏರುಪೇರಿಗೆ ಅದು ಮುಖ್ಯ ಮಾತ್ರೆಯಾಗಿತ್ತು.

ಮಲೇರಿಯಾಕ್ಕೆ ಆಮೇಲೆ ಕ್ಲೋರೋಕ್ವಿನ್ ಬಂತು, ಆರ್ಟೆಮಿಸಿನಿನ್ ಬಂತು. ನೀಲಗಿರಿಯ ಇಳಿಜಾರುಗಳಿಗೆ ಚಹಾ ಬಂತು. 1968ರ ನಂತರ, ಶ್ರೀಲಂಕಾದಿಂದ ವಾಪಸ್ ಕಳಿಸಲಾದ ತಮಿಳು ಕುಟುಂಬಗಳಿಗೆ ಕೆಲಸ ಕೊಡೋಕೆ ತಮಿಳುನಾಡು ಸರ್ಕಾರ ಎಬ್ಬಿಸಿದ ತೋಟಗಳೂ ಅದರಲ್ಲಿವೆ. ಕ್ವಿನೈನನ್ನು ಲ್ಯಾಬ್‌ನಲ್ಲಿ ಮಾಡುವ ಪ್ರಯತ್ನಕ್ಕೂ ದೊಡ್ಡ ಚರಿತ್ರೆ ಇದೆ. 1944ರಲ್ಲಿ ವುಡ್‌ವರ್ಡ್ ಮತ್ತು ಡೋರಿಂಗ್, 2001ರಲ್ಲಿ ಗಿಲ್ಬರ್ಟ್ ಸ್ಟಾರ್ಕ್ ತಂಡ. ರಸಾಯನಶಾಸ್ತ್ರಜ್ಞರು ಚಪ್ಪಾಳೆ ತಟ್ಟಿದರು. ಆದರೆ ಅಷ್ಟು ಹಂತಗಳ ಖರ್ಚಿನಲ್ಲಿ ಮರದ ಜೊತೆ ಪೈಪೋಟಿ ಮಾಡೋಕೆ ಯಾರಿಂದಲೂ ಆಗಲಿಲ್ಲ. ಮಾತ್ರೆಗೂ ಟಾನಿಕ್ ವಾಟರ್ ಬಾಟಲಿಗೂ ಹೋಗುವ ಕ್ವಿನೈನನ್ನು ಇವತ್ತಿಗೂ ತೊಗಟೆಯಿಂದಲೇ ತೆಗೀತಾರೆ. ಹೆಚ್ಚಿನ ತೊಗಟೆ ಈಗ ಬರೋದು ಕಾಂಗೋದಿಂದ.